5–8 ವರ್ಷದ ಮಕ್ಕಳಿಗೆ 10 ದಿನದ ಯುಕುಲೇಲೆ ಶಿಬಿರ (ತುಮಕೂರು): ಯಾವ ಅಳತೆ, ಎಷ್ಟು ಹೊತ್ತು, ಮೊದಲು ಏನು ಕಲಿಸಬೇಕು?

ಬಡಾವಣೆ_ಶಿಬಿರ (ತುಮಕೂರು)

ಎಲ್ಲರಿಗೂ ನಮಸ್ಕಾರ. ಎಸ್.ಎಸ್.ಪುರಂನಲ್ಲಿ ಏಪ್ರಿಲ್ ಕೊನೆಗೆ ಹತ್ತು ದಿನದ ಬೇಸಿಗೆ ಶಿಬಿರ ಮಾಡುತ್ತಿದ್ದೇವೆ. ಚಿತ್ರ, ಕಥೆ, ಆಟದ ಜೊತೆ ದಿನಕ್ಕೊಂದು ಹೊತ್ತು ಯುಕುಲೇಲೆ (ಗಿಟಾರ್‌ನಂಥ ನಾಲ್ಕು ತಂತಿಯ ಪುಟ್ಟ ವಾದ್ಯ). ಹೆಸರು ಕೊಟ್ಟಿರುವುದು 12 ಮಕ್ಕಳು, 5ರಿಂದ 8 ವರ್ಷ. ಯಾರೂ ಇದುವರೆಗೆ ತಂತಿವಾದ್ಯ ಮುಟ್ಟಿದವರಲ್ಲ. ಕಲಿಸಲು ಇಬ್ಬರು ಒಪ್ಪಿದ್ದಾರೆ: ಒಬ್ಬರಿಗೆ ಗಿಟಾರ್ ಬರುತ್ತದೆ, ಇನ್ನೊಬ್ಬರು ಕರ್ನಾಟಕ ಸಂಗೀತ ಹಾಡುವವರು.

ಕೇಳಬೇಕಾದ್ದು ಇಷ್ಟು. ವಾದ್ಯಗಳನ್ನು ನಾವೇ ಕೊಳ್ಳುತ್ತೇವೆ, ಒಂದಕ್ಕೆ 2000 ರೂಪಾಯಿ ಆಸುಪಾಸು. ಯಾವ ಅಳತೆಯದು ತರಬೇಕು, ತರುವಾಗ ಏನು ನೋಡಬೇಕು? ಎಲ್ಲರನ್ನೂ ಒಟ್ಟಿಗೆ ಕೂರಿಸಬಹುದೇ, ಒಂದು ತರಗತಿ ಎಷ್ಟು ನಿಮಿಷ ಇರಬೇಕು? ಗಿಟಾರ್‌ನವರು ಕಾರ್ಡ್‌ಗಳಿಂದ (ಹಲವು ಸ್ವರ ಒಟ್ಟಿಗೆ ನುಡಿಸುವುದು) ಶುರು ಮಾಡೋಣ ಎನ್ನುತ್ತಾರೆ, ಹಾಡುವವರು ಸ್ವರದಿಂದ ಎನ್ನುತ್ತಾರೆ. ಯಾವುದು ಸರಿ? ಕೊನೆಯದು, ನಮ್ಮ ಹಾಲ್‌ಗೆ ಶೀಟಿನ ಛಾವಣಿ. ಏಪ್ರಿಲ್‌ನಲ್ಲಿ ಒಳಗೆ ಚೆನ್ನಾಗಿ ಕಾಯುತ್ತದೆ. ವಾದ್ಯಗಳನ್ನು ಅಲ್ಲೇ ಬಿಡಬಹುದೇ?


ತಂತಿಮನೆ

ಸೊಪ್ರಾನೊ ತನ್ನಿ, 21 ಇಂಚಿನದು. ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಜ್‌ವರೆಗೆ (ವಾದ್ಯದ ಒಡಲ ಮೇಲೆ ತಂತಿ ಕಟ್ಟುವ ಪಟ್ಟಿ), ಅಂದರೆ ತಂತಿ ನಿಜವಾಗಿ ನಾದ ಕೊಡುವ ಭಾಗ, 13–14 ಇಂಚು ಇರುತ್ತದೆ. 23 ಇಂಚಿನ ಕನ್ಸರ್ಟ್‌ನಲ್ಲಿ ಅದೇ 15 ಇಂಚು. ಎಂಟು ವರ್ಷದ ಮಗುವಿಗೆ ಕನ್ಸರ್ಟ್ ಹೊಂದುತ್ತದೆ, ಐದರ ಮಗುವಿಗೆ ಕೈ ಎಟಕುವುದಿಲ್ಲ. ಹತ್ತು ದಿನದ ಮಟ್ಟಿಗೆ ಎಲ್ಲರಿಗೂ ಒಂದೇ ಅಳತೆ ಇರಲಿ. ಬ್ಯಾರಿಟೋನ್ ತಪ್ಪಿಯೂ ಬೇಡ, ಅದರ ಶ್ರುತಿಯೇ ಬೇರೆ, ಕಾರ್ಡ್‌ಗಳ ಬೆರಳೂ ಬೇರೆ. ಆಟಿಕೆ ಅಂಗಡಿಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಯುಕುಲೇಲೆ ಸಿಗುತ್ತವಲ್ಲ, ಅವನ್ನೂ ತರಬೇಡಿ. ಫ್ರೆಟ್‌ಗಳು (ಕತ್ತಿನ ಮೇಲಿನ ಅಡ್ಡ ಕಂಬಿಗಳು) ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಬಿಟ್ಟ ತಂತಿ, ಅಂದರೆ ಬೆರಳು ಒತ್ತದ ತಂತಿ, ಶ್ರುತಿಯಲ್ಲಿದ್ದರೂ ಒತ್ತಿದ ಸ್ವರ ಅಪಸ್ವರ ಬರುತ್ತದೆ. ಮಗು ಸರಿಯಾಗಿ ಒತ್ತಿದರೂ ಕೆಟ್ಟದಾಗಿ ಕೇಳಿಸಿದರೆ ಅದು ತನ್ನ ಕೈಯನ್ನೇ ಅನುಮಾನಿಸುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಅಂಗಡಿಯಲ್ಲೇ ನೋಡಬೇಕಾದ್ದು: ಕ್ಲಿಪ್ ಟ್ಯೂನರ್ (ಶ್ರುತಿ ತೋರಿಸುವ ಪುಟ್ಟ ಯಂತ್ರ) ಜೊತೆಗೆ ಒಯ್ಯಿರಿ. ಒಂದನೇ ತಂತಿಯನ್ನು ಎ ಸ್ವರಕ್ಕೆ ಕೂರಿಸಿ, 12ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಮತ್ತೆ ಎ ಬರಬೇಕು. ಮುಳ್ಳು ಐದು-ಹತ್ತು ಸೆಂಟ್ಸ್ (ಒಂದು ಸೆಂಟ್ ಎಂದರೆ ಅರ್ಧ ಸ್ವರದ ನೂರನೇ ಒಂದು ಭಾಗ) ಅತ್ತಿತ್ತ ಆದರೆ ಪರವಾಗಿಲ್ಲ, 20 ದಾಟಿದರೆ ಆ ವಾದ್ಯ ಬಿಡಿ. ಆಮೇಲೆ ಎರಡನೇ ತಂತಿಯನ್ನು ಒಂದನೇ ಫ್ರೆಟ್‌ನಲ್ಲಿ ಒತ್ತಿ, ಎಫ್ ಬರಬೇಕು. ಅಲ್ಲಿ ಏರುಶ್ರುತಿ ಬಂದರೆ ನಟ್ ಎತ್ತರ ಇದೆ ಎಂದು ಅರ್ಥ, ಅದನ್ನು ಸರಿಮಾಡಬಹುದು. ಮಕ್ಕಳು ಹತ್ತು ದಿನವೂ ಕೈಯಿಡುವುದು ಮೊದಲ ಮೂರು ಫ್ರೆಟ್‌ಗಳಲ್ಲೇ. ಹಾಗಾಗಿ 12ನೇ ಫ್ರೆಟ್‌ಗಿಂತ ಈ ಒಂದನೇ ಫ್ರೆಟ್‌ನ ಪರೀಕ್ಷೆಯೇ ನಿಮಗೆ ಮುಖ್ಯ. ಬಿರಡೆಗಳು ಗಿಟಾರ್‌ನಂತೆ ಹಲ್ಲಿನ ಚಕ್ರ ಇರುವುವು ಇರಲಿ. ನೇರ ಬಿರಡೆ, ಪಿಟೀಲಿನಂತೆ ಬರೀ ಒತ್ತಡದಲ್ಲಿ ನಿಲ್ಲುವುದು, ನೋಡಲು ಚೆಂದ. ಆದರೆ ಕೂದಲೆಳೆ ತಿರುಗಿದರೆ ಅರ್ಧ ಸ್ವರ ಹಾರುತ್ತದೆ.

12 ಮಕ್ಕಳಿಗೆ 14 ವಾದ್ಯ ತನ್ನಿ. ಎರಡು ಯಾವಾಗಲೂ ಶ್ರುತಿ ಮಾಡಿಟ್ಟು ಪಕ್ಕದಲ್ಲಿರಬೇಕು. ಮಗುವಿನ ವಾದ್ಯ ಶ್ರುತಿ ತಪ್ಪಿದರೆ ತರಗತಿ ನಿಲ್ಲಿಸಿ ಬಿರಡೆ ತಿರುಗಿಸುತ್ತಾ ಕೂರಬೇಡಿ, ಇನ್ನೊಂದನ್ನು ಕೈಗೆ ಕೊಡಿ.

ಶ್ರುತಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮಕ್ಕಳ ಶಿಬಿರಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಮುಖದ ಕಡೆಯಿಂದ ನೆಲದ ಕಡೆಗೆ ತಂತಿಗಳು ಜಿ, ಸಿ, ಇ, ಎ. ಮುಖದ ಹತ್ತಿರದ್ದು ನಾಲ್ಕನೇ ತಂತಿ, ನೆಲದ ಕಡೆಯದು ಒಂದನೇ ತಂತಿ. ನಾಲ್ಕನೆಯದು ಗಿಟಾರ್‌ನಂತೆ ಮಂದ್ರ ಅಲ್ಲ, ಒಂದನೇ ತಂತಿಗಿಂತ ಒಂದೇ ಸ್ವರ ಕೆಳಗೆ ಇರುತ್ತದೆ. ಗಿಟಾರ್‌ನವರು ಮೊದಲ ದಿನ ಎಡವುವ ಜಾಗ ಇದು. ಟ್ಯೂನರ್ ಹೆಚ್ಚಾಗಿ ಬರೀ ಅಕ್ಷರ ತೋರಿಸುತ್ತದೆ, ಸ್ಥಾಯಿ ತೋರಿಸುವುದಿಲ್ಲ. ಬಿಗಿ ಮಾಡುತ್ತಾ ಹೋಗಿ ಮೇಲಿನ ಸ್ಥಾಯಿಯ ಅಕ್ಷರಕ್ಕೆ ಕಾದರೆ ತಂತಿ ಹರಿಯುತ್ತದೆ. ಅದಕ್ಕೆ ಕಿವಿಯ ತಾಳೆಯೂ ಇರಲಿ: ಮೂರನೇ ತಂತಿಯ 4ನೇ ಫ್ರೆಟ್ = ಬಿಟ್ಟ ಎರಡನೇ ತಂತಿ. ಎರಡನೇ ತಂತಿಯ 3ನೇ ಫ್ರೆಟ್ = ಬಿಟ್ಟ ನಾಲ್ಕನೇ ತಂತಿ. ಎರಡನೇ ತಂತಿಯ 5ನೇ ಫ್ರೆಟ್ = ಬಿಟ್ಟ ಒಂದನೇ ತಂತಿ.

ಹೊಸ ನೈಲಾನ್ ತಂತಿ ಹಿಗ್ಗುತ್ತಲೇ ಇರುತ್ತದೆ. ಶಿಬಿರದ ಹಿಂದಿನ ದಿನ ಡಬ್ಬ ಬಿಚ್ಚಿದರೆ ಮೊದಲ ಮೂರು ದಿನ ನಿಮ್ಮ ಕೈಯಲ್ಲಿರುವುದಿಲ್ಲ. ಹತ್ತು ದಿನ ಮೊದಲೇ ತಂದು, ಶ್ರುತಿ ಮಾಡಿ, ಪ್ರತಿ ತಂತಿಯನ್ನೂ 12ನೇ ಫ್ರೆಟ್ ಬಳಿ ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆ ಮೆಲ್ಲಗೆ ಎಳೆದು ಬಿಡಿ. ಶ್ರುತಿ ಇಳಿಯುತ್ತದೆ, ಮತ್ತೆ ಏರಿಸಿ. ದಿನಕ್ಕೆ ಎರಡು ಸಲ, ಸಲಕ್ಕೆ ಐದಾರು ಬಾರಿ. ಎಳೆದರೂ ಇಳಿಯುವುದು ನಿಂತಾಗ ತಂತಿ ಹದಕ್ಕೆ ಬಂತು ಎಂದು ತಿಳಿಯಿರಿ. ಏರಿಸುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಜಾಸ್ತಿ ಆಗಿದ್ದರೆ ಪೂರ್ತಿ ಇಳಿಸಿ ಮತ್ತೆ ಏರಿಸಿ, ಇಲ್ಲದಿದ್ದರೆ ಚಕ್ರದ ಹಲ್ಲಿನ ಸಡಿಲ ಅಲ್ಲೇ ಉಳಿದು ನಾಲ್ಕು ಸಲ ಮೀಟುವಷ್ಟರಲ್ಲಿ ಇಳಿದಿರುತ್ತದೆ.

ಲೆಕ್ಕ ಹಾಕಿ: 14 ವಾದ್ಯ, 56 ತಂತಿ. ಒಂದಕ್ಕೆ ಅರ್ಧ ನಿಮಿಷ ಹಿಡಿದರೂ 28 ನಿಮಿಷ. ಮಕ್ಕಳು ಬರುವ ಮುಂಚೆಯೇ ಇದು ಮುಗಿದಿರಬೇಕು. ಮಕ್ಕಳಿಗೆ ಬಿರಡೆ ಮುಟ್ಟದಂತೆ ಮೊದಲ ದಿನವೇ ಹೇಳಿ. ಫೋನಿನ ಆ್ಯಪ್ ಮೈಕಿನಿಂದ ಕೇಳಿಸಿಕೊಳ್ಳುತ್ತದೆ, ಆರು ಮಕ್ಕಳ ಸದ್ದಿನಲ್ಲಿ ಅದಕ್ಕೆ ದಿಕ್ಕು ತಪ್ಪುತ್ತದೆ. ವಾದ್ಯದ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ಮರದ ಕಂಪನ ಹಿಡಿಯುವುದರಿಂದ ಗಲಾಟೆಯಲ್ಲೂ ಕೆಲಸ ಮಾಡುತ್ತದೆ. ಎರಡು ಇದ್ದರೆ ಸಾಕು.


ನಟ್_ಅರ (ಸಿರಾ)

ಮೇಲಿನವರು ನಟ್ ಎತ್ತರದ ಮಾತು ಎತ್ತಿದ್ದು ಒಳ್ಳೆಯದಾಯಿತು. 2000 ರೂಪಾಯಿ ಒಳಗಿನ ವಾದ್ಯಗಳಲ್ಲಿ ಬಹುಪಾಲಿನ ದೋಷ ಅದೇ. ಎರಡು ಮತ್ತು ಮೂರನೇ ಫ್ರೆಟ್ ನಡುವೆ ತಂತಿ ಒತ್ತಿ ಹಿಡಿದು ಒಂದನೇ ಫ್ರೆಟ್ ಮೇಲೆ ಬೆಳಕಿಗೆ ಹಿಡಿದು ನೋಡಿ. ತಂತಿಗೂ ಫ್ರೆಟ್‌ಗೂ ನಡುವೆ ತೆಳು ಕಾಗದ ತೂರುವಷ್ಟು ಸಂದು ಇದ್ದರೆ ಸರಿ. ಬೆಂಕಿಕಡ್ಡಿ ತೂರುವಂತಿದ್ದರೆ ಮಗುವಿನ ಬೆರಳು ನೋಯುತ್ತದೆ, ಸ್ವರವೂ ಏರುತ್ತದೆ, ಎರಡಕ್ಕೂ ಕಾರಣ ಒಂದೇ: ಅಷ್ಟು ದೂರ ತಗ್ಗಿಸುವಾಗ ತಂತಿ ಎಳೆದಂತಾಗುತ್ತದೆ. 12ನೇ ಫ್ರೆಟ್ ಬಳಿ ತಂತಿಯ ಎತ್ತರ 2.5ರಿಂದ 3 ಮಿ.ಮೀ. ಇದ್ದರೆ ಸಾಕು, ಸ್ಕೇಲ್ ಇಟ್ಟು ಅಳೆಯಿರಿ.

ನಟ್ ಗಾಡಿಯನ್ನು (ತಂತಿ ಕೂರುವ ಸೀಳನ್ನು) ಸಣ್ಣ ಅರದಿಂದ ಇಳಿಸಬಹುದು. ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ, ಅರವನ್ನು ಬಿರಡೆಯ ಕಡೆಗೆ ಇಳಿಜಾರಾಗಿ ಹಿಡಿದು ನಾಲ್ಕೈದು ಉಜ್ಜು, ತಂತಿ ಕೂರಿಸಿ ನೋಡಿ, ಮತ್ತೆ ನಾಲ್ಕೈದು. ಒಂದೇ ಸಲಕ್ಕೆ ಇಳಿಸಲು ಹೋದರೆ ಹೆಚ್ಚಾಗಿ ತಂತಿ ಫ್ರೆಟ್ ಮುಟ್ಟಿ ಜರ್ ಎನ್ನುತ್ತದೆ. ಹಾಗಾದರೆ ಗಾಡಿಯಲ್ಲಿ ಒಂದು ಚಿಟಿಕೆ ಅಡುಗೆ ಸೋಡಾ ತುಂಬಿ ಮೇಲೆ ಒಂದು ಹನಿ ಫೆವಿಕ್ವಿಕ್ ಬಿಡಿ, ಕಲ್ಲಿನಂತಾಗುತ್ತದೆ, ಮತ್ತೆ ಅರ ಹಾಕಿ. ಈ ಕೆಲಸ ಮಕ್ಕಳ ಎದುರು ಬೇಡ. ಆ ಅಂಟು ಬೆರಳಿಗೆ, ಕಣ್ಣಿಗೆ ಅಪಾಯ.

ಸದ್ದು ಜರ್ ಎಂದರೆ ಎಲ್ಲಿಂದ ಎಂದು ಹುಡುಕುವ ಕ್ರಮ ಹೀಗಿದೆ. ಬಿಟ್ಟ ತಂತಿಯಲ್ಲಿ ಮಾತ್ರ ಬಂದರೆ ನಟ್. ಒಂದು ಜಾಗದಲ್ಲಿ ಒತ್ತಿದಾಗ ಮಾತ್ರ ಬಂದರೆ ಅದರ ಮುಂದಿನ ಫ್ರೆಟ್ ಮೇಲೆದ್ದಿದೆ. ಎಲ್ಲ ಕಡೆಯೂ ಬಂದರೆ ಬಿರಡೆಯ ಸ್ಕ್ರೂ ಅಥವಾ ವಾಷರ್ ಸಡಿಲ. ಮಗುವಿನ ಕೈಯಲ್ಲಿ ಮಾತ್ರ ಬಂದು ನಿಮ್ಮ ಕೈಯಲ್ಲಿ ಬರದಿದ್ದರೆ ಬೆರಳು ಫ್ರೆಟ್‌ನಿಂದ ದೂರ ಕೂತಿದೆ.

ಶೀಟಿನ ಹಾಲ್‌ನಲ್ಲಿ ರಾತ್ರಿ ಬಿಟ್ಟರೂ ಮಧ್ಯಾಹ್ನ ಬಿಡಬೇಡಿ. ನಿಲ್ಲಿಸಿದ ಕಾರಿನಲ್ಲಂತೂ ಬೇಡವೇ ಬೇಡ. ಬ್ರಿಜ್ ಬರೀ ಅಂಟಿನ ಮೇಲೆ ನಿಂತಿರುತ್ತದೆ, ಕಾವಿಗೆ ಅಂಟು ಮೆತ್ತಗಾದರೆ ತಂತಿಯ ಎಳೆತಕ್ಕೆ ಹಿಂಬದಿ ಎದ್ದುಬಿಡುತ್ತದೆ. ಬ್ರಿಜ್ ಹಿಂದೆ ಕಾಗದದ ಅಂಚು ತೂರಿಸಿ ನೋಡುತ್ತಿರಿ, ತೂರಿದರೆ ಆ ವಾದ್ಯದ ತಂತಿ ತಕ್ಷಣ ಸಡಿಲಿಸಿ. ಬೇಸಿಗೆಯ ಒಣಗಾಳಿಗೆ ಇನ್ನೊಂದು ಆಗುತ್ತದೆ: ಫಲಕದ ಮರ ಸ್ವಲ್ಪ ಕುಗ್ಗಿ ಫ್ರೆಟ್ ಕಂಬಿಗಳ ತುದಿ ಅಂಚಿನಿಂದ ಹೊರಗೆ ಚಾಚುತ್ತದೆ. ನಮ್ಮ ಕೈಗೆ ಗೊತ್ತಾಗುವುದಿಲ್ಲ, ಮಕ್ಕಳ ಎಳೆ ಅಂಗೈಗೆ ಗೀರುತ್ತದೆ. ಹತ್ತಿಯ ಚೂರನ್ನು ಕತ್ತಿನ ಎರಡೂ ಅಂಚಿಗೆ ಸವರಿ. ಎಳೆ ಸಿಕ್ಕಿಕೊಂಡ ಕಡೆ 400 ನಂಬರಿನ ಉಪ್ಪುಕಾಗದ ಸಣ್ಣ ಮರದ ತುಂಡಿಗೆ ಸುತ್ತಿ ಉಜ್ಜಿ. ಮಕ್ಕಳ ಶಿಬಿರಕ್ಕೆ ಪ್ಲೈನ ವಾದ್ಯವೇ ಒಳ್ಳೆಯದು. ಹಲಗೆ ಮರದ್ದಕ್ಕೆ ನಾದ ಚೆನ್ನಾಗಿರುತ್ತದೆ, ಒಣಹವೆಗೆ ಸೀಳುವ ಭಯವೂ ಅಷ್ಟೇ ಇರುತ್ತದೆ.


ಸರಳೆವರಸೆ (ಚಿಂತಾಮಣಿ)

ಕಾರ್ಡೋ ಸ್ವರವೋ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ವರ, ಅದರಲ್ಲೂ ಮೋಹನ ರಾಗ. ಕಾರಣ ವಾದ್ಯದಲ್ಲೇ ಇದೆ.

ಸಿ ಸ್ವರವನ್ನು ಷಡ್ಜ ಮಾಡಿಕೊಳ್ಳಿ. ಆಗ ಬಿಟ್ಟ ನಾಲ್ಕು ತಂತಿ ಜಿ-ಸಿ-ಇ-ಎ ಎನ್ನುವುದು ಪ-ಸ-ಗ-ದ ಆಗುತ್ತದೆ. ಮೋಹನದ ಐದು ಸ್ವರದಲ್ಲಿ ನಾಲ್ಕು ಬೆರಳೇ ಇಡದೆ ಸಿಕ್ಕವು. ಉಳಿದದ್ದು ರಿಷಭ, ಅದು ಮೂರನೇ ತಂತಿಯ ಎರಡನೇ ಮೆಟ್ಟಿಲು (ಫ್ರೆಟ್). ಮೇಲಿನ ಷಡ್ಜ ಒಂದನೇ ತಂತಿಯ ಮೂರನೇ ಮೆಟ್ಟಿಲು. ಅಂದರೆ ಆರೋಹಣ ಹೀಗೆ: ಸ, ಮೂರನೇ ತಂತಿ ಬಿಟ್ಟು. ರಿ, ಅದೇ ತಂತಿ, ನಡುಬೆರಳು. ಗ, ಎರಡನೇ ತಂತಿ ಬಿಟ್ಟು. ಪ, ನಾಲ್ಕನೇ ತಂತಿ ಬಿಟ್ಟು, ಹೆಬ್ಬೆರಳಿನಲ್ಲಿ. ದ, ಒಂದನೇ ತಂತಿ ಬಿಟ್ಟು. ಮೇಲಿನ ಸ, ಒಂದನೇ ತಂತಿ, ಉಂಗುರಬೆರಳು. ಎಡಗೈಯ ಕೆಲಸ ಎರಡೇ ಎರಡು ಕಡೆ. ಆರು ವರ್ಷದ ಮಗು ಎರಡನೇ ದಿನ ಇಡೀ ರಾಗದ ಆರೋಹಣ ಅವರೋಹಣ ನುಡಿಸುತ್ತದೆ, ಮೂರನೇ ದಿನ ನುಡಿಸುತ್ತಲೇ ಹಾಡುತ್ತದೆ.

ಪ ನುಡಿಸಲು ಬಲಗೈ ಮುಖದ ಕಡೆಯ ತಂತಿಗೆ ಹಾರಬೇಕು, ಅಲ್ಲಿ ಮಕ್ಕಳು ತಡವರಿಸುತ್ತಾರೆ. ಅದಕ್ಕೆ ಗ-ಪ, ಗ-ಪ ಎಂದು ಎರಡನ್ನೇ ಹತ್ತು ಸಲ ಆಡಿಸಿ, ಆಮೇಲೆ ಪ-ದ. ಎರಡನೇ ತಂತಿಯ ಮೂರನೇ ಮೆಟ್ಟಿಲಲ್ಲೂ ಪ ಇದೆ, ಆದರೆ ಬೆರಳಿಗೆ ಕೆಲಸ ಹೆಚ್ಚು. ಮೊದಲು ಬಿಟ್ಟ ತಂತಿಯೇ ಇರಲಿ.

ಸರಳೆ ವರಸೆಯ ಮಾಯಾಮಾಳವಗೌಳವೂ ಇದರಲ್ಲಿ ಕೂರುತ್ತದೆ: ಮೂರನೇ ತಂತಿ 0, 1, ಎರಡನೇ ತಂತಿ 0, 1, 3, 4, ಒಂದನೇ ತಂತಿ 2, 3. ಆದರೆ ದೈವತಕ್ಕೆ ಕಿರುಬೆರಳು ನಾಲ್ಕನೇ ಮೆಟ್ಟಿಲು ಮುಟ್ಟಬೇಕು. ಹತ್ತು ದಿನದ ಶಿಬಿರದಲ್ಲಿ ಅದಕ್ಕೆ ಕೈ ಹಾಕಬೇಡಿ.

ಹಾಡುವವರಿಗೆ ಒಂದು ಮಾತು. ಮೆಟ್ಟಿಲಿನ ಗಾಂಧಾರ ನಾವು ತಂಬೂರಿಗೆ ಸೇರಿಸಿ ಹಾಡುವ ಅಂತರ ಗಾಂಧಾರಕ್ಕಿಂತ ಸುಮಾರು 14 ಸೆಂಟ್ಸ್ ಮೇಲಿರುತ್ತದೆ. ಶ್ರುತಿಪೆಟ್ಟಿಗೆ ಜೋರಾಗಿ ಇಟ್ಟರೆ ಎರಡೂ ತಾಗಿ ಅಲೆಯೇಳುತ್ತದೆ. ಪೆಟ್ಟಿಗೆ ಸಣ್ಣಗೆ ಇರಲಿ, ವಾದ್ಯವನ್ನು ಅದಕ್ಕೆ ತಿದ್ದಲು ಹೋಗಬೇಡಿ. ಗಾಂಧಾರದ ತಂತಿ ಇಳಿಸಿದರೆ ಆ ತಂತಿಯ ಉಳಿದ ಸ್ವರಗಳೆಲ್ಲ ಇಳಿಯುತ್ತವೆ.


ತಂತಿಮನೆ

ಮೋಹನದ ಕ್ರಮ ಬಹಳ ಚೆನ್ನಾಗಿದೆ, ಅದನ್ನು ಏಳು-ಎಂಟು ವರ್ಷದವರಿಗೆ ಖಂಡಿತ ಇಟ್ಟುಕೊಳ್ಳಿ. ಆದರೆ ಐದಾರು ವರ್ಷದವರಿಗೆ ಒಂದೊಂದೇ ತಂತಿ ಹುಡುಕಿ ಮೀಟುವುದು ಕಾರ್ಡ್‌ಗಿಂತ ಕಷ್ಟ. ತಂತಿಗಳ ನಡುವೆ ಹೆಚ್ಚು ಅಂತರ ಇರುವುದಿಲ್ಲ, ಬೇರೆ ತಂತಿ ತಾಗುತ್ತದೆ, ಮಗು ಬಗ್ಗಿ ತಂತಿ ನೋಡುತ್ತದೆ, ಬಗ್ಗಿದ ಕೂಡಲೇ ವಾದ್ಯ ಜಾರುತ್ತದೆ. ನಾಲ್ಕೂ ತಂತಿ ಒಟ್ಟಿಗೆ ಸವರುವುದಕ್ಕೆ ಗುರಿ ಬೇಡ. ಬಿಟ್ಟ ತಂತಿಗಳೇ ಸೇರಿ ಒಂದು ಕಾರ್ಡ್ ಆಗಿರುವುದರಿಂದ ಮೊದಲ ನಿಮಿಷದಿಂದಲೇ ಇಂಪಾಗಿ ಕೇಳುತ್ತದೆ. ಅದಕ್ಕೇ ಚಿಕ್ಕವರಿಗೆ ಸ್ಟ್ರಮ್ ಮೊದಲು ಎನ್ನುವುದು.

ತಾಳಕ್ಕೆ ನಮ್ಮದೇ ಜತಿ ಇದೆ. ‘ತಕಧಿಮಿ’ ಬಾಯಲ್ಲಿ ಹೇಳಿಸಿ ತೊಡೆ ತಟ್ಟಿಸಿ. ಆಮೇಲೆ ‘ತ’ಕ್ಕೆ ಮಾತ್ರ ಕೆಳಕ್ಕೆ ಒಂದು ಸ್ಟ್ರಮ್, ಉಳಿದ ಮೂರಕ್ಕೆ ಕೈ ಸುಮ್ಮನೆ. ಅದು ಕೂತ ಮೇಲೆ ‘ತ’ ಮತ್ತು ‘ಧಿ’. ನಾಲ್ಕಕ್ಕೂ ಕೆಳಕ್ಕೆ ಬಂದ ಮೇಲೆಯೇ ಮೇಲೆ-ಕೆಳಗೆ. ಐದು ವರ್ಷದವರಿಗೆ ಹೆಬ್ಬೆರಳಿನ ಮೆತ್ತನೆ ಭಾಗ ಸಾಕು, ದೊಡ್ಡವರಿಗೆ ತೋರುಬೆರಳಿನ ಉಗುರು. ಸವರುವ ಜಾಗ ಕತ್ತು ಡಬ್ಬಿಯನ್ನು (ವಾದ್ಯದ ಒಡಲನ್ನು) ಸೇರುವಲ್ಲಿ, ಗುಂಡಿಯ (ಡಬ್ಬಿಯ ನಡುವಿನ ದುಂಡು ತೂತು) ಮೇಲೆ ಅಲ್ಲ. ಪ್ಲೆಕ್ಟ್ರಮ್ (ಮೀಟುವ ಪ್ಲಾಸ್ಟಿಕ್ ಚೂರು) ಬೇಡ, ಗುಂಡಿಯೊಳಗೆ ಬೀಳುತ್ತದೆ, ಎಲ್ಲರೂ ವಾದ್ಯ ತಲೆಕೆಳಗೆ ಮಾಡಿ ಅಲ್ಲಾಡಿಸುತ್ತಾ ಕೂರುತ್ತಾರೆ.

ಎಡಗೈಗೆ ಕಾರ್ಡ್‌ಗಳ ಕ್ರಮ. ನಾಲ್ಕು ಅಂಕಿ ಎಂದರೆ ನಾಲ್ಕನೇ ತಂತಿಯಿಂದ ಒಂದನೆಯದಕ್ಕೆ ಯಾವ ಫ್ರೆಟ್ ಎಂದು. ಮೊದಲು ಸಿ, 0003, ಉಂಗುರಬೆರಳು. ಆಮೇಲೆ ಎ ಮೈನರ್, 2000, ನಡುಬೆರಳು. ಅದರ ನಂತರ ಎಫ್, 2010: ಎ ಮೈನರ್ ಹಿಡಿದ ನಡುಬೆರಳು ಕದಲಬಾರದು, ತೋರುಬೆರಳು ಎರಡನೇ ತಂತಿಯ ಒಂದನೇ ಫ್ರೆಟ್‌ಗೆ ಬಂದು ಕೂರಬೇಕು ಅಷ್ಟೇ. ಎಫ್ ಅನ್ನು ನೇರವಾಗಿ ಕಲಿಸಿದರೆ ಎರಡು ಬೆರಳೂ ಒಟ್ಟಿಗೆ ಗಾಳಿಯಲ್ಲಿ ಜಾಗ ಹುಡುಕುತ್ತವೆ. ಎ ಮೈನರ್ ಮೂಲಕ ಹೋದರೆ ಐದು ನಿಮಿಷದ ಕೆಲಸ. ಕೊನೆಗೆ ಸಿ7, 0001, ತೋರುಬೆರಳು. ಜಿ7 (0212) ಮೂರು ಬೆರಳು ಬೇಡುತ್ತದೆ, ಈ ವಯಸ್ಸಿಗೆ ಹತ್ತು ದಿನದಲ್ಲಿ ಕೂರುವುದಿಲ್ಲ. ಗಿಟಾರ್‌ನವರು ಅಭ್ಯಾಸಬಲದಿಂದ ಸಿ–ಜಿ7 ಹಾಡು ಆರಿಸುತ್ತಾರೆ. ಅವರಿಗೆ ಎಫ್–ಸಿ7 ಆರಿಸಲು ಹೇಳಿ.

ಎಫ್‌ಗೆ ಇನ್ನೊಂದು ಕಾರಣ ಮಕ್ಕಳ ಕಂಠ. ಶಿಶುಗೀತೆಗಳಲ್ಲಿ ಸ ದಿಂದ ಕೆಳಗಿನ ಪ ಕ್ಕೆ ಇಳಿಯುವುದು ಸಾಮಾನ್ಯ. ಷಡ್ಜ ಸಿ ಆದರೆ ಆ ಪಂಚಮ ಮಕ್ಕಳ ಗಂಟಲಿಗೆ ತೀರಾ ಕೆಳಗೆ, ದನಿಯೇ ಹೊರಡದೆ ಮಾತಾಡಿದಂತೆ ಹೇಳುತ್ತಾರೆ. ಷಡ್ಜ ಎಫ್ ಆದರೆ ಕೆಳಗಿನ ಪಂಚಮ ಬಿಟ್ಟ ಮೂರನೇ ತಂತಿಯ ಸ್ವರ, ಅದು ಆರಾಮಾಗಿ ಬರುತ್ತದೆ.

ಬೆರಳು ಇಡುವ ಜಾಗಕ್ಕೆ ಬಣ್ಣದ ಚುಕ್ಕಿ ಅಂಟಿಸಿ, ಸಿ ಗೆ ಹಳದಿ, ಎಫ್‌ನ ಎರಡಕ್ಕೂ ಕೆಂಪು, ಹೀಗೆ. ಚುಕ್ಕಿ ಎರಡು ಫ್ರೆಟ್‌ಗಳ ನಟ್ಟನಡುವೆ ಬೇಡ, ಡಬ್ಬಿಯ ಕಡೆಯ ಕಂಬಿಗೆ ಒತ್ತಿಕೊಂಡಂತೆ ಇರಲಿ. ಕಂಬಿಯ ಹತ್ತಿರ ಒತ್ತಿದರೆ ಅರ್ಧ ಬಲ ಸಾಕು. ಚುಕ್ಕಿ ಕಂಬಿಗಿಂತ ತೆಳ್ಳಗಿರಬೇಕು, ಉಬ್ಬಿದ ಸ್ಟಿಕ್ಕರ್ ತಂತಿಗೆ ತಾಗುತ್ತದೆ.


ಚಿಣ್ಣರ_ಟೀಚರ್ (ಕೋಲಾರ)

ಸಂಗೀತದ ವಿಷಯ ಮೇಲಿನವರು ಹೇಳಿದ್ದಾರೆ. ಕೂರಿಸುವ ಮತ್ತು ಕಾಯುವ ವಿಷಯ ನಾನು ಸೇರಿಸುತ್ತೇನೆ.

ಹನ್ನೆರಡು ಮಂದಿಯನ್ನು ಒಟ್ಟಿಗೆ ಕೂರಿಸಬೇಡಿ. 5–6ರವರು ಒಂದು ತಂಡ, 7–8ರವರು ಒಂದು ತಂಡ, ಆರಾರು ಜನ. ಒಂದು ತಂಡ ಇಲ್ಲಿದ್ದಾಗ ಇನ್ನೊಂದು ಚಿತ್ರ ಬರೆಯಲಿ. ಚಿಕ್ಕವರಿಗೆ 30 ನಿಮಿಷ, ದೊಡ್ಡವರಿಗೆ 40. ಅಷ್ಟೂ ಹೊತ್ತು ವಾದ್ಯ ಕೈಯಲ್ಲಿ ಇರಬಾರದು. ಚಿಕ್ಕವರಿಗೆ ಐದೈದು ನಿಮಿಷದ ಮೂರು ಸುತ್ತು ಸಾಕು, ನಡುವೆ ಎದ್ದು ತಾಳಕ್ಕೆ ನಡೆಯಲಿ, ಹಾಡಲಿ. ತಂತಿ ಒತ್ತುವುದು ಒಂದು ಸುತ್ತಿಗೆ ಮೂರು-ನಾಲ್ಕು ನಿಮಿಷ. ಬೆರಳ ತುದಿಯಲ್ಲಿ ತಂತಿಯ ಗೆರೆ ಕೆಂಪಗೆ ಮೂಡುವುದು ಸಹಜ, ಹತ್ತು ನಿಮಿಷದಲ್ಲಿ ಹೋಗುತ್ತದೆ. ಮಗು ಬೆರಳು ಬಾಯಿಗೆ ಇಟ್ಟುಕೊಂಡರೆ ಅವತ್ತಿಗೆ ಎಡಗೈ ಬಿಡಿಸಿ, ಬಿಟ್ಟ ತಂತಿಯಲ್ಲೇ ಸ್ಟ್ರಮ್ ಮಾಡಲಿ.

ಹಾಲ್‌ಗಳಲ್ಲಿರುವ ಕೈ ಇರುವ ಪ್ಲಾಸ್ಟಿಕ್ ಕುರ್ಚಿ ಬೇಡ, ವಾದ್ಯದ ಕತ್ತು ಕುರ್ಚಿಯ ಕೈಗೆ ಬಡಿಯುತ್ತದೆ. ಜಮಖಾನ ಹಾಸಿ ಚಕ್ಕಳಮಕ್ಕಳ ಹಾಕಿಸಿ. ಡಬ್ಬಿಯ ಸೊಂಟ ಬಲತೊಡೆಯ ಮೇಲೆ, ಬಲ ಮುಂಗೈ ಡಬ್ಬಿಯನ್ನು ಪಕ್ಕೆಗೆ ಒತ್ತಿ ಹಿಡಿಯಬೇಕು. ಪರೀಕ್ಷೆ ಸುಲಭ: ‘ಎಡಗೈ ಎತ್ತಿ ಟಾಟಾ ಮಾಡಿ’ ಎನ್ನಿ. ವಾದ್ಯ ಜಾರಿದರೆ ಆ ಮಗು ಇಷ್ಟು ಹೊತ್ತು ಕತ್ತನ್ನು ಮುಷ್ಟಿಯಲ್ಲಿ ಹಿಡಿದು ವಾದ್ಯ ಹೊರುತ್ತಿತ್ತು ಎಂದು ತಿಳಿಯುತ್ತದೆ. ಮುಷ್ಟಿ ಹಿಡಿದ ಕೈಗೆ ಬೆರಳು ಮಡಿಸಿ ಒತ್ತಲು ಆಗುವುದಿಲ್ಲ. ಅಂಥವರ ತೊಡೆ ಮೇಲೆ ಡ್ರಾಯರ್‌ಗೆ ಹಾಸುವ ರಬ್ಬರ್ ಜಾಲರಿಯ ಒಂದು ಚೂರು ಹಾಕಿ, ಜಾರುವುದಿಲ್ಲ.

ಎರಡು ಸನ್ನೆ ಮೊದಲ ದಿನವೇ ಆಟದಂತೆ ರೂಢಿಸಿ. ನೀವು ಅಂಗೈ ತೋರಿಸಿದರೆ ಎಲ್ಲರ ಅಂಗೈ ತಂತಿಯ ಮೇಲೆ, ಸದ್ದು ಬಂದ್. ನೀವು ‘ಮಲಗಿಸಿ’ ಎಂದರೆ ವಾದ್ಯ ತೊಡೆಯ ಮೇಲೆ ಅಂಗಾತ, ಕೈ ಮಡಿಲಲ್ಲಿ. ಇವೆರಡು ಇಲ್ಲದೆ ಹೋದರೆ ನಿಮ್ಮ ಮಾತಿನ ಮೇಲೆ ಆರು ವಾದ್ಯ ಒಟ್ಟಿಗೆ ನುಡಿಯುತ್ತಿರುತ್ತವೆ, ಗಂಟಲು ಬಿದ್ದುಹೋಗುತ್ತದೆ.

ಎಡಗೈ ಉಗುರು ಕತ್ತರಿಸಿ ಕಳಿಸಲು ಮನೆಯವರಿಗೆ ಹೇಳಿ. ಚುರುಮುರಿ, ಚಕ್ಕುಲಿ ಕೊಡುವುದಿದ್ದರೆ ತರಗತಿ ಆದ ಮೇಲೆ. ಎಣ್ಣೆಕೈ ತಂತಿಗೆ ತಾಗಿದರೆ ಬೆರಳು ಜಾರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕ್ಲಿಪ್ ಟ್ಯೂನರ್‌ನ ಬ್ಯಾಟರಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್2032 ನಾಣ್ಯದಂಥ ಬ್ಯಾಟರಿ. ಮಗು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೆ ಸುಡಲು ಶುರುವಾಗುತ್ತದೆ, ಪ್ರಾಣಕ್ಕೇ ಸಂಚಕಾರ. ಮುಚ್ಚಳಕ್ಕೆ ಸ್ಕ್ರೂ ಇರುವ ಟ್ಯೂನರ್ ತನ್ನಿ, ಇಲ್ಲದಿದ್ದರೆ ಮುಚ್ಚಳದ ಮೇಲೆ ಗಟ್ಟಿ ಟೇಪ್ ಸುತ್ತಿ. ಟ್ಯೂನರ್‌ಗಳು ದೊಡ್ಡವರ ಜೇಬಿನಲ್ಲಿರಲಿ, ತರಗತಿ ಮುಗಿದಾಗ ಎಣಿಸಿ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ.


ಬಡಾವಣೆ_ಶಿಬಿರ (ತುಮಕೂರು)

ತುಂಬಾ ಉಪಕಾರವಾಯಿತು. ಬ್ಯಾಟರಿ ವಿಷಯ ನಮ್ಮ ತಲೆಗೇ ಬಂದಿರಲಿಲ್ಲ. ಇನ್ನು ಮೂರು ಪ್ರಶ್ನೆ. ಒಂದು ಮಗು ಎಡಚ, ಅದಕ್ಕೆ ತಂತಿ ತಿರುವಿ ಹಾಕಬೇಕೇ? ಯುಕುಲೇಲೆ ಎಲ್ಲಿಂದ ಬಂತು ಎಂದು ಮಕ್ಕಳಿಗೆ ಎರಡು ಮಾತಲ್ಲಿ ಹೇಳುವುದಾದರೆ ಏನು ಹೇಳಬೇಕು? ಕೊನೆಯ ದಿನ ಅಪ್ಪ-ಅಮ್ಮಂದಿರ ಎದುರು ಎಲ್ಲರೂ ಸೇರಿ ಒಂದು ಹಾಡು ನುಡಿಸಬೇಕು ಎಂದಿದೆ, ಐದು ವರ್ಷದವರಿಗೆ ಕಾರ್ಡ್ ಬದಲಿಸಲು ಆಗದಿದ್ದರೆ ಏನು ಮಾಡುವುದು?


ನಟ್_ಅರ (ಸಿರಾ)

ಎಡಚ ಮಗುವಿಗೆ ಮೊದಲ ದಿನ ವಾದ್ಯ ಕೈಗೆ ಕೊಟ್ಟು ಏನೂ ಹೇಳದೆ ನೋಡಿ. ಸಲೀಸಾಗಿ ಬಲಗೈಯಲ್ಲಿ ಸವರಿದರೆ ಹಾಗೇ ಬಿಡಿ. ಮತ್ತೆ ಮತ್ತೆ ತಿರುಗಿಸಿ ಹಿಡಿದರೆ ಒಂದು ವಾದ್ಯಕ್ಕೆ ತಂತಿ ಬದಲಿಸಿ: ಒಂದನೆಯದು ನಾಲ್ಕನೆಯದರ ಜಾಗಕ್ಕೆ, ಎರಡನೆಯದು ಮೂರನೆಯದರ ಜಾಗಕ್ಕೆ. ಹೊರಗಿನ ಎರಡು ತಂತಿ ಹೆಚ್ಚುಕಡಿಮೆ ಒಂದೇ ದಪ್ಪ, ತೊಂದರೆಯಿಲ್ಲ. ಒಳಗಿನ ಎರಡರಲ್ಲಿ ಎಡವಟ್ಟು ಆಗುತ್ತದೆ. ಸಿ ತಂತಿ ಎಲ್ಲಕ್ಕಿಂತ ದಪ್ಪ, ಇ ತಂತಿಯ ಸಣ್ಣ ಗಾಡಿಯಲ್ಲಿ ಮೇಲೇ ಕೂರುತ್ತದೆ, ಅದನ್ನು ಅರದಿಂದ ಅಗಲಿಸಬೇಕು. ಸಿ ಇದ್ದ ದೊಡ್ಡ ಗಾಡಿಯಲ್ಲಿ ಇ ಅಲುಗಾಡಿ ಸದ್ದು ಮಾಡಿದರೆ ಮೇಲೆ ಹೇಳಿದ ಸೋಡಾ ಉಪಾಯ.

ಬ್ರಿಜ್‌ಗೆ ಕಟ್ಟುವಾಗ ಗಂಟು ಜಾರುವುದು ಎಲ್ಲರಿಗೂ ಆಗುವ ಕಷ್ಟ. ತಂತಿಯನ್ನು ಗುಂಡಿಯ ಕಡೆಯಿಂದ ತೂತಿಗೆ ಹಾಕಿ ಹಿಂದಕ್ಕೆ ಎಳೆದು, ಬ್ರಿಜ್ ಮೇಲಿಂದ ಮುಂದಕ್ಕೆ ತಂದು, ಅದೇ ತಂತಿಯ ಅಡಿಯಲ್ಲಿ ತೂರಿಸಿ, ಉಂಟಾದ ಕುಣಿಕೆಗೆ ಎರಡು ಸುತ್ತು ಹಾಕಿ. ಕೊನೆಯ ಸುತ್ತು ಬ್ರಿಜ್‌ನ ಹಿಂಬದಿಯ ಅಂಚಿನಿಂದ ಕೆಳಗೆ ಸಿಕ್ಕಿರಬೇಕು. ಅದು ಮೇಲ್ಮೈಯಲ್ಲೇ ಉಳಿದರೆ ಶ್ರುತಿ ಏರಿಸುವಾಗ ಟಪ್ ಎಂದು ಬಿಚ್ಚಿಕೊಳ್ಳುತ್ತದೆ.


ಸರಳೆವರಸೆ (ಚಿಂತಾಮಣಿ)

ಮಕ್ಕಳಿಗೆ ಹೀಗೆ ಹೇಳಿ: 1879ರಲ್ಲಿ ಪೋರ್ಚುಗಲ್‌ಗೆ ಸೇರಿದ ಮಡೈರಾ ದ್ವೀಪದಿಂದ ಕಬ್ಬಿನ ತೋಟದ ಕೆಲಸಕ್ಕೆ ಜನ ‘ರೇವನ್ಸ್‌ಕ್ರಾಗ್’ ಎಂಬ ಹಡಗಿನಲ್ಲಿ ಹವಾಯಿಯ ಹೊನೊಲುಲುಗೆ ಬಂದಿಳಿದರು. ಅವರ ಜೊತೆ ಪುಟ್ಟ ನಾಲ್ಕು ತಂತಿಯ ವಾದ್ಯವೂ ಬಂತು. ಆ ಹಡಗಿನಲ್ಲಿದ್ದ ಮೂವರು ಮರಗೆಲಸದವರು ಅಲ್ಲೇ ನೆಲೆಸಿ ಅಂಥ ವಾದ್ಯ ಮಾಡತೊಡಗಿದರು. ಹವಾಯಿಯವರು ಅದನ್ನು ತಮ್ಮದಾಗಿಸಿಕೊಂಡು ಇಟ್ಟ ಹೆಸರಿಗೆ ‘ಜಿಗಿಯುವ ಚಿಗಟ’ ಎಂಬ ಅರ್ಥ ಹೇಳುತ್ತಾರೆ. ಚಿಗಟ ಎಂದ ಕೂಡಲೇ ಮಕ್ಕಳ ಬೆರಳು ತಂತಿಯ ಮೇಲೆ ಜಿಗಿಯಲು ಶುರುವಾಗುತ್ತದೆ. ಕಥೆ ಹೇಳುವ ಹೊತ್ತಿಗೆ ವಾದ್ಯ ಮಲಗಿಸಿರಲಿ.


ತಂತಿಮನೆ

ಕೊನೆಯ ದಿನದ ಹಾಡು ಎಫ್ ಮತ್ತು ಸಿ7 ಎರಡೇ ಕಾರ್ಡ್‌ನದು ಎಂದುಕೊಳ್ಳೋಣ. ಸಿ ಸ್ವರ ಈ ಎರಡು ಕಾರ್ಡ್‌ಗಳಲ್ಲೂ ಇದೆ. ಅಂದರೆ ಬಿಟ್ಟ ಮೂರನೇ ತಂತಿ ಹಾಡಿನ ಯಾವ ಜಾಗದಲ್ಲಿ ಮೀಟಿದರೂ ಅಪಸ್ವರವಲ್ಲ. ಕಾರ್ಡ್ ಬದಲಿಸಲಾಗದ ಚಿಕ್ಕವರು ಹಾಡಿನುದ್ದಕ್ಕೂ ಹೆಬ್ಬೆರಳಲ್ಲಿ ಆ ಒಂದು ತಂತಿಯನ್ನು ‘ತ’ಕ್ಕೆ ಮಾತ್ರ ಮೀಟಲಿ. ಗುರುತಿಗೆ ಗುಂಡಿಯ ಅಂಚಿನಲ್ಲಿ, ಆ ತಂತಿಯ ನೇರಕ್ಕೆ, ಒಂದು ಚುಕ್ಕಿ ಅಂಟಿಸಿ. ನಾಲ್ಕೂ ಬಿಟ್ಟ ತಂತಿ ಸವರಲು ಮಾತ್ರ ಬಿಡಬೇಡಿ, ಒಂದನೇ ತಂತಿಯ ಎ ಸ್ವರ ಸಿ7 ಜಾಗದಲ್ಲಿ ಕಚ್ಚುತ್ತದೆ.

ಅವತ್ತು ವಾದ್ಯಗಳನ್ನು ಅರ್ಧ ಗಂಟೆ ಮೊದಲೇ ಹಾಲ್‌ಗೆ ತಂದಿಡಿ, ಅಲ್ಲಿನ ಕಾವಿಗೆ ತಂತಿ ಹೊಂದಿಕೊಳ್ಳಲಿ. ಆಮೇಲೆ ಶ್ರುತಿ ಮಾಡಿ. ತಂಪು ಕೋಣೆಯಲ್ಲಿ ಶ್ರುತಿ ಮಾಡಿ ತಂದರೆ ಹಾಡು ಶುರುವಾಗುವಷ್ಟರಲ್ಲಿ ಹದಿನಾಲ್ಕೂ ಬೇರೆ ಬೇರೆ ದಾರಿ ಹಿಡಿದಿರುತ್ತವೆ. ಫ್ಯಾನಿನ ನೇರ ಕೆಳಗೆ ಇಡಬೇಡಿ. ಚಿಕ್ಕವರನ್ನು ಮುಂದಿನ ಸಾಲಿನಲ್ಲಿ, ಹಾಡುವ ಟೀಚರ್ ಕಾಣುವಂತೆ ಕೂರಿಸಿ, ಗಿಟಾರ್‌ನವರು ಹಿಂದೆ ಇರಲಿ. ಹಾಡಿಗೆ ಮುಂಚೆ ಎರಡು ಆವರ್ತ ‘ತಕಧಿಮಿ’ ಎಲ್ಲರೂ ಬಾಯಲ್ಲಿ ಹೇಳಿ, ಮೂರನೆಯದಕ್ಕೆ ಕೈ ಇಳಿಸಿ.